ವೈದ್ಯವಿದ್ಯಾರ್ಥಿಯೂ ವಿಚಾರಶಕ್ತಿಯೂ

(ನಮ್ಮ ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದಲ್ಲಿ ಸಂಜೆ ಏಳು ಗಂಟೆಯ ಮೇಲೆ ಓದಲು ಕೂರುವವರಲ್ಲಿ ಈಗ ಹಲವರು ಆಸ್ಪತ್ರೆಯ ವಿದ್ಯೆಗೆ ಸೇರಿದ ನಮ್ಮವರ ಮಕ್ಕಳು. ಕೆಲವರು ದಾದಿಯರ ಶಿಕ್ಷಣ ಪಡೆಯುತ್ತಿದ್ದಾರೆ, ಕೆಲವರು ಔಷಧಶಾಸ್ತ್ರ ಓದುತ್ತಿದ್ದಾರೆ, ಇಬ್ಬರು ಎಂ.ಬಿ.ಬಿ.ಎಸ್. ತರಗತಿಯಲ್ಲಿದ್ದಾರೆ. ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದ್ದರಿಂದ ಇಲ್ಲಿ ಬಂದು ಓದುತ್ತಾರೆ. ಅವರಿಂದ ಪದೇ ಪದೇ ಕೇಳಿಬರುವ ಒಂದು ಮಾತುಂಟು: “ಪುಸ್ತಕವೆಲ್ಲ ಬಾಯಿಪಾಠವಾಗಿದೆ ಅಣ್ಣಾ, ಆದರೆ ರೋಗಿಯ ಮುಂದೆ ನಿಂತರೆ ಏನು ಕೇಳಬೇಕೆಂದೇ ಹೊಳೆಯುವುದಿಲ್ಲ.” ಈ ಮಾತನ್ನೇ ಇಂದಿನ ವಿಷಯವಾಗಿ ಎತ್ತಿಕೊಂಡಿದ್ದೇನೆ.

ವೈದ್ಯಶಾಸ್ತ್ರ ಹೇಳುವ ಅಧಿಕಾರ ನನಗಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಮೆಟ್ರಿಕ್‌ವರೆಗೆ ಓದಿದ ಗಿರಣಿ ಗುಮಾಸ್ತ. ಆದರೆ ಸಂಘದ ಸೇವಕನಾಗಿ, ಇಲ್ಲಿಯ ಭಾಷೆ ಬಾರದ ನಮ್ಮ ಜನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವರ ಮಾತನ್ನು ವೈದ್ಯರಿಗೂ ವೈದ್ಯರ ಮಾತನ್ನು ಅವರಿಗೂ ತಿಳಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ನಡುವೆ ನಿಂತವನಿಗೆ ಎರಡೂ ಕಡೆಯ ಮುಖ ಕಾಣುತ್ತದೆ. ಯಾವ ಪ್ರಶ್ನೆಯಿಂದ ರೋಗದ ಗುಟ್ಟು ಬಿಚ್ಚಿಕೊಂಡಿತು, ಯಾವ ಅವಸರದಿಂದ ಅದು ಮುಚ್ಚಿಹೋಯಿತು ಎಂಬುದನ್ನು ಕಾಣುವ ಅವಕಾಶ ನನಗೆ ಸಿಕ್ಕಿದೆ. ಉಳಿದುದನ್ನು ಈ ವಾಚನಾಲಯದ ಪುಸ್ತಕಗಳಿಂದ ತಿಳಿದುಕೊಂಡಿದ್ದೇನೆ.

ಪುಸ್ತಕ ಓದಿದವರಿಗೂ ರೋಗಿಯ ಮುಂದೆ ತಡವರಿಕೆ ಏಕೆ? ನಮ್ಮ ಕಚೇರಿಯ ಮಾತಿನಲ್ಲೇ ಹೇಳುತ್ತೇನೆ. ನಮ್ಮಲ್ಲಿ ಕೀರ್ದಿ ಬೇರೆ, ಖತಾವಣಿ ಬೇರೆ. ದಿನದ ವ್ಯವಹಾರ ನಡೆದ ಹಾಗೆ ಬರೆಯುವುದು ಕೀರ್ದಿ. ಅದನ್ನೇ ತಲೆಬರಹದ ಪ್ರಕಾರ ವಿಂಗಡಿಸಿ ಏರಿಸುವುದು ಖತಾವಣಿ. ವೈದ್ಯಕೀಯ ಪುಸ್ತಕವೆಂದರೆ ಖತಾವಣಿ ಇದ್ದ ಹಾಗೆ. ಕ್ಷಯ ಎಂದು ಮೇಲೆ ಬರೆದು ಅದರ ಲಕ್ಷಣಗಳನ್ನು ಕೆಳಗೆ ಕೊಟ್ಟಿರುತ್ತದೆ. ರೋಗಿಯಾದರೋ ತನ್ನ ಕೀರ್ದಿಯನ್ನು ಮುಂದಿಡುತ್ತಾನೆ: ಮೊನ್ನೆ ಜ್ವರ, ನಡುವೆ ಮಗಳ ಮದುವೆಯ ಓಡಾಟ, ನಿನ್ನೆ ಕೆಮ್ಮು, ಆರು ತಿಂಗಳ ಹಿಂದೆ ಕಾಲುನೋವು. ಯಾವ ಬಾಬು ಯಾವ ಖಾತೆಗೆ ಸೇರಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸಬೇಕು. ಪುಸ್ತಕವು ಹೆಸರಿನಿಂದ ಲಕ್ಷಣಕ್ಕೆ ಬರುತ್ತದೆ. ಆಸ್ಪತ್ರೆಯಲ್ಲಿ ಲಕ್ಷಣದಿಂದ ಹೆಸರಿಗೆ ಹೋಗಬೇಕು. ಈ ತಿರುವು ದಾರಿಯಲ್ಲಿ ನಡೆಯುವ ಶಕ್ತಿಗೇ ರೋಗವಿಚಾರ ಎನ್ನುತ್ತಾರೆ. ಅದು ಹುಟ್ಟಿನಿಂದ ಬರುವ ವರವಲ್ಲ, ಅಭ್ಯಾಸದಿಂದ ಕೈಗೂಡುವಂಥದು.

ಮೊದಲನೆಯ ಅಭ್ಯಾಸ, ಕೇಳುವುದು. ನಮ್ಮ ಆಯುರ್ವೇದದಲ್ಲಿ ವಾಗ್ಭಟನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರರಿಂದ ರೋಗಿಯನ್ನು ಪರೀಕ್ಷಿಸಬೇಕೆಂದ. ಇಟಲಿಯ ಬರ್ನಾರ್ಡಿನೋ ರಾಮಜ್ಜೀನಿ ಎಂಬ ವೈದ್ಯನು 1700ರಲ್ಲಿ ಕಸುಬುದಾರರ ರೋಗಗಳ ಬಗೆಗೆ ಒಂದು ಗ್ರಂಥವನ್ನು ಪ್ರಕಟಿಸಿ, ಹಳೆಯ ವೈದ್ಯರು ಕೇಳುತ್ತಿದ್ದ ಪ್ರಶ್ನೆಗಳ ಸಾಲಿಗೆ ‘ನಿನ್ನ ಕಸುಬು ಯಾವುದು?’ ಎಂಬ ಇನ್ನೊಂದು ಪ್ರಶ್ನೆಯನ್ನು ಸೇರಿಸಿದ. ದುಡಿಯುವ ಜನರು ಅವನಿಗೆ ಋಣಿಗಳಾಗಿರಬೇಕು. ಇಷ್ಟೊಂದು ಯಂತ್ರಗಳಿರುವ ಈ ಕಾಲದಲ್ಲಿ ಮಾತು ಕೇಳುವ ಹಂಗೇಕೆ ಎನ್ನುವವರಿದ್ದಾರೆ. 1975ರಲ್ಲಿ ಇಂಗ್ಲೆಂಡಿನ ವೈದ್ಯರು ಹೊಸದಾಗಿ ಬಂದ 80 ಮಂದಿ ಹೊರರೋಗಿಗಳನ್ನು ಕುರಿತು ಲೆಕ್ಕ ಇಟ್ಟರು. ಅವರಲ್ಲಿ 66 ಮಂದಿಯ ವಿಷಯದಲ್ಲಿ, ಕಳುಹಿಸಿದ ವೈದ್ಯರ ಪತ್ರವನ್ನು ಓದಿ ರೋಗಿಯ ಮಾತನ್ನು ಕೇಳಿದ ಮೇಲೆ ಮಾಡಿದ ನಿರ್ಣಯವೇ ಕೊನೆಗೂ ನಿಂತಿತು. ಮೈಮುಟ್ಟಿ ನೋಡಿದ್ದರಿಂದ 7 ಮಂದಿಯಲ್ಲಿ, ಪ್ರಯೋಗಶಾಲೆಯ ಪರೀಕ್ಷೆಯಿಂದ ಇನ್ನು 7 ಮಂದಿಯಲ್ಲಿ ಉಪಯೋಗವಾಯಿತು. ಇನ್ನೊಂದು ಕಡೆ, 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆಲ್ಲ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರೆಂದು ಕಂಡುಬಂತು. ಅತ್ಯಂತ ಬೆಲೆಯುಳ್ಳ ಸಾಕ್ಷ್ಯವು ಯಾವ ಕಾಸೂ ಇಲ್ಲದೆ ದೊರೆಯುವಾಗ, ಅದನ್ನು ಪೂರ್ತಿ ಕೇಳದೆ ತಡೆಯುವುದು ನಷ್ಟವೇ ಸರಿ.

ಇಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ವಿಜಯಪುರದ ಕಡೆಯ ಒಬ್ಬ ಹಿರಿಯರು, ನೂಲಿನ ಗಿರಣಿಯೊಂದರಲ್ಲಿ ಹದಿನಾರು ವರ್ಷ ದುಡಿದವರು, ದಮ್ಮಿನಿಂದ ನರಳುತ್ತಿದ್ದರು. ಮೂರು ವರ್ಷದಲ್ಲಿ ಒಂದು ಕಡೆ ನೆಗಡಿಯೆಂದು ಔಷಧಿ ಕೊಟ್ಟಿದ್ದರು. ಇನ್ನೊಂದು ಕಡೆ ಬೀಡಿ ಬಿಡು ಎಂದು ಗದರಿಸಿ ಕಳುಹಿಸಿದ್ದರು. ಮತ್ತೊಂದು ಕಡೆ ಕ್ಷಯವಿರಬಹುದೆಂದು ಎರಡು ಸಲ ಕಫ ಪರೀಕ್ಷೆ ಮಾಡಿಸಿದ್ದರು, ಕ್ರಿಮಿ ಕಂಡಿರಲಿಲ್ಲ. ಎದೆಯ ಎಕ್ಸ್‌ರೇ ಚಿತ್ರದಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಕಾಗದಗಳ ಕಟ್ಟನ್ನು ಹಿಡಿದು ನಾವು ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಅವರನ್ನು ವಿಚಾರಿಸಲು ಕುಳಿತಳು. ಕಟ್ಟನ್ನು ಪಕ್ಕಕ್ಕಿಟ್ಟು, “ಕಾಕಾ, ಗಿರಣಿಯಲ್ಲಿ ನಿಮ್ಮ ಕೈಯ ಕೆಲಸ ಏನು?” ಎಂದಳು.

“ಹತ್ತಿ ಬಿಚ್ಚೂ ಖಾತೇದಾಗ ಇದ್ದೀನ್ರಿ. ಮೊದಲಿಂದ ಅಲ್ಲೇ.”

“ವಾರದಲ್ಲಿ ಯಾವ ದಿನ ದಮ್ಮು ಹೆಚ್ಚು?”

“ಸೋಮಾರ ಬಂತಂದ್ರ ಎದಿ ಮ್ಯಾಲ ಕಲ್ಲ ಇಟ್ಟಂಗ ಆಗತೈತ್ರಿ. ಮೊದಲ ಬುಧವಾರ ಅನ್ನೂದ್ರಾಗ ಹಗುರ ಆಗತಿತ್ತು. ಈಗ ಎರಡು ವರ್ಷ ಆತು, ದಿನಾಲೂ ಐತಿ.”

ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳದ್ದನ್ನು ಅವರೂ ಹೇಳಿರಲಿಲ್ಲ. ಅವರ ಗಿರಣಿಗೆ ಭಾನುವಾರ ರಜೆ. ರಜೆಯ ಮರುದಿನವೇ ಎದೆ ಹಿಡಿಯುವುದು ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ರೋಗದ ಗುರುತು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು 1950ರ ದಶಕದಲ್ಲಿ ಈ ರೋಗಕ್ಕೆ ಮೆಟ್ಟಿಲುಗಳನ್ನು ಗೊತ್ತುಮಾಡಿದರು: ಮೊದಲು ವಾರದ ಮೊದಲ ದಿನ ಮಾತ್ರ ಎದೆಬಿಗಿತ, ಆಮೇಲೆ ಉಳಿದ ದಿನಗಳಲ್ಲೂ, ಕೊನೆಗೆ ಕೆಲಸ ಬಿಟ್ಟರೂ ಮರಳದ ಉಸಿರು. ಇದಕ್ಕೆ ಎಕ್ಸ್‌ರೇಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. ಆದಕಾರಣ ಕೇಳಿಯೇ ತಿಳಿಯಬೇಕು.

ಆದರೆ ಆ ಹುಡುಗಿಯ ಜಾಣತನ ಇಷ್ಟರಲ್ಲೇ ಮುಗಿಯಲಿಲ್ಲ. ಉತ್ತರ ಹೊಳೆದ ಕೂಡಲೇ ಆಕೆ ಹಿಗ್ಗಿ ನಿಲ್ಲಿಸದೆ, ತನ್ನ ಉತ್ತರವನ್ನೇ ಸುಳ್ಳು ಮಾಡಬಲ್ಲ ಪ್ರಶ್ನೆಗಳನ್ನು ಕೇಳಿದಳು. ಸಂಜೆಯ ಜ್ವರ ಉಂಟೇ, ಮೈ ಇಳಿದಿದೆಯೇ, ಕಫದಲ್ಲಿ ರಕ್ತ ಬಿದ್ದಿದೆಯೇ? ಚಿಕ್ಕಂದಿನಲ್ಲಿ ಉಬ್ಬಸವಿತ್ತೇ? ಬೀಡಿ ದಿನಕ್ಕೆಷ್ಟು? ಜಾತ್ರೆಗೆಂದು ಊರಿಗೆ ಹೋಗಿ ಹದಿನೈದು ದಿನ ನಿಂತರೆ ಹೇಗಿರುತ್ತದೆ? ಗುರುಗಳು ಬಂದು, “ಬೀಡಿಯ ಕೆಮ್ಮು ಎಂದು ಏಕೆ ಹೇಳಬಾರದು?” ಎಂದು ಕೇಳಿದಾಗ, ಬೀಡಿಯೂ ಸೇರಿ ಕೆಡಿಸಿರಬಹುದು, ಆದರೆ ಬೀಡಿಯ ಕೆಮ್ಮಿಗೆ ವಾರದ ಲೆಕ್ಕ ಗೊತ್ತಿರುವುದಿಲ್ಲ ಎಂದಳು. “ಕಸುಬಿನಿಂದ ಬಂದ ಉಬ್ಬಸ ಏಕಲ್ಲ?” ಎಂದರೆ, ಅದು ಸಾಮಾನ್ಯವಾಗಿ ವಾರ ಕಳೆದಂತೆ ಏರುತ್ತದೆ, ಇವರಿಗೆ ಮೊದಲ ದಿನವೇ ಹೆಚ್ಚಾಗಿ ಆಮೇಲೆ ಇಳಿಯುತ್ತಿತ್ತು ಎಂದಳು. ಬಳಿಕ ಕಫವನ್ನು ಇನ್ನೊಮ್ಮೆ ಪರೀಕ್ಷೆಗೆ ಕಳುಹಿಸಿ ಕ್ಷಯವಿಲ್ಲವೆಂದು ಖಚಿತಮಾಡಿಕೊಂಡರು. ರಜೆಯ ಮರುದಿನ ಪಾಳಿಗೆ ಮುಂಚೆಯೂ ಪಾಳಿ ಮುಗಿದ ಮೇಲೂ ಉಸಿರಿನ ಬಲವನ್ನು ಅಳೆಯಿಸಿದರು. ಸಂಜೆಯ ಅಳತೆ ಬೆಳಗಿನದಕ್ಕಿಂತ ಕೆಳಗಿತ್ತು.

ಅವರನ್ನು ಬಟ್ಟೆ ಮಡಿಸುವ ಖಾತೆಗೆ ಬದಲಾಯಿಸಲು ಈ ಕಾಗದ ಆಧಾರವಾಯಿತು. ಹೋದ ಉಸಿರು ಪೂರ್ತಿ ಬರಲಿಲ್ಲ, ಉಳಿದದ್ದು ಉಳಿಯಿತು. ನಮ್ಮ ದೇಶದ ಕಾನೂನು ಈ ರೋಗವನ್ನು ಕಸುಬಿನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಕಾಗದದ ಮೇಲೆ ‘ಬೀಡಿಯ ಕೆಮ್ಮು’ ಎಂದು ಬರೆದಿದ್ದರೆ ಯಾವ ಕಾನೂನು ತಾನೆ ಏನು ಮಾಡೀತು? ವಿದ್ಯಾರ್ಥಿಯ ವಿಚಾರಕ್ಕೆ ಒಂದು ಸಂಸಾರದ ಅನ್ನವೂ ಗಂಟುಬಿದ್ದಿದೆ ಎಂಬುದನ್ನು ಇದರಿಂದ ತಿಳಿಯಬೇಕು.

ಕಸುಬನ್ನು ಕೇಳಿದಂತೆಯೇ ಊರನ್ನೂ ಕೇಳಬೇಕು. ಇದಕ್ಕೆ ನಮ್ಮ ಕನ್ನಡನಾಡಿನದೇ ಒಂದು ದೊಡ್ಡ ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತಮುತ್ತ ಜನರಿಗೆ ಫಕ್ಕನೆ ಜ್ವರ, ವಿಪರೀತ ತಲೆನೋವು, ಮೈಕೈ ಮುರಿತ, ಕೆಲವರಿಗೆ ರಕ್ತಸ್ರಾವ ಕಾಣಿಸಿಕೊಂಡು ಸಾವುಗಳಾದವು. ಜ್ವರವೊಂದನ್ನೇ ನೋಡಿದರೆ ವಿಷಮಶೀತಜ್ವರವೆಂದು ತೋರುತ್ತಿತ್ತು. ಆದರೆ ಕಾಡಿನಲ್ಲಿ ಮಂಗಗಳು ಸಾಯುತ್ತಿವೆಯೆಂದು ಹಳ್ಳಿಯವರು ಹೇಳುತ್ತಿದ್ದರು. ಇದು ವಿಷಮಶೀತಜ್ವರಕ್ಕೆ ಹೊಂದುವ ಸಂಗತಿಯಲ್ಲ. ಮಂಗಗಳೂ ಸಾಯುವುದರಿಂದ, ಭಾರತದಲ್ಲಿ ಎಂದೂ ಕಾಣದ ಹಳದಿಜ್ವರವೇ ಬಂದಿತೇನೋ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೋಗಿ ಶೋಧಿಸಿದಾಗ ಅದು ಹಳದಿಜ್ವರವೂ ಆಗಿರಲಿಲ್ಲ. ಅದುವರೆಗೆ ತಿಳಿಯದಿದ್ದ ಬೇರೊಂದು ವೈರಾಣು. ಅದನ್ನು ಹರಡುವುದು ಕಾಡಿನ ಉಣ್ಣಿ, ಮಲೆನಾಡಿನವರು ಉಣುಗು ಎನ್ನುವ ಹುಳು. ಇಂದು ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ.

ಈ ಚರಿತ್ರೆಯಲ್ಲಿ ಎರಡು ಪಾಠಗಳಿವೆ. ಮೊದಲ ಅಂದಾಜಿಗೆ ಹೊಂದದ ಒಂದು ಸಂಗತಿಯನ್ನು ಅವರು ಒತ್ತಟ್ಟಿಗೆ ತಳ್ಳಲಿಲ್ಲ. ಎರಡನೆಯ ಅಂದಾಜನ್ನೂ ಪರೀಕ್ಷಿಸದೆ ಒಪ್ಪಲಿಲ್ಲ. ನಮಗೆ ಇನ್ನೊಂದು ಹತ್ತಿರದ ಪಾಠವೂ ಇದೆ. ಈ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸುತ್ತದೆ. ನಮ್ಮವರು ಊರಿಗೆ ಹೋಗಿಬರುವ ಕಾಲವೂ ಅದೇ. ಕಾಡಂಚಿನ ಊರಿನಿಂದ ಮರಳಿದ ವಾರದೊಳಗೆ ಜ್ವರ ಹಿಡಿದವನನ್ನು ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳದಿದ್ದರೆ, ಈ ನಗರದ ವೈದ್ಯರ ಪಟ್ಟಿಯಲ್ಲಿ ಮಂಗನ ಕಾಯಿಲೆಯ ಹೆಸರೇ ಬರಲಾರದು.

ಪಟ್ಟಿ ಎಂದೆನಲ್ಲ, ಅದೇ ಎರಡನೆಯ ಅಭ್ಯಾಸ. ರೋಗಿಯ ಮಾತು ಮುಗಿದ ಮೇಲೆ ಅದನ್ನು ಒಂದೇ ವಾಕ್ಯಕ್ಕೆ ಇಳಿಸಬೇಕು: ಇಷ್ಟು ವಯಸ್ಸು, ಇಂಥ ಕಸುಬು, ಇಷ್ಟು ದಿನದಿಂದ ಇಂಥ ತೊಂದರೆ. ವಾಕ್ಯ ಕಟ್ಟಲು ಬಾರದಿದ್ದರೆ ಇನ್ನೂ ಕೇಳುವುದು ಉಳಿದಿದೆಯೆಂದು ಅರ್ಥ. ಅನಂತರ ಮೂರು ಬಗೆಯ ಹೆಸರುಗಳನ್ನು ಬರೆಯಬೇಕು: ಈ ಊರಿನಲ್ಲಿ ಸಾಮಾನ್ಯವಾಗಿ ಕಾಣುವವು, ಅಪರೂಪವಾದರೂ ತಪ್ಪಿಹೋದರೆ ಪ್ರಾಣಕ್ಕೆ ಬರುವವು, ಈ ರೋಗಿಯ ಕಸುಬು, ಊರು, ಅಭ್ಯಾಸಗಳಿಗೆ ಸೇರಿದವು. ಪ್ರತಿಯೊಂದು ಹೆಸರಿನ ಮುಂದೆ, ‘ಇದೇ ಆಗಿದ್ದರೆ ಏನು ಇರಬೇಕಿತ್ತು, ಏನು ಇರಬಾರದಿತ್ತು’ ಎಂದು ಕೇಳಿಕೊಳ್ಳಬೇಕು. ನಾವು ಗುಮಾಸ್ತರು ತಾಳೆಯಾಗದ ಮೊತ್ತವನ್ನು ಅನಾಮತ್ತು ಖಾತೆಗೆ ಹಾಕಿ ಸಂಜೆಗೆ ಪುಸ್ತಕ ಮುಚ್ಚುವುದುಂಟು. ಆದರೆ ವರ್ಷದ ಕೊನೆಗೆ ಅದನ್ನು ತೆಗೆದು ನೋಡಲೇಬೇಕು. ‘ಏನೋ ವೈರಲ್ ಜ್ವರ’ ಎಂಬುದು ಆಸ್ಪತ್ರೆಯ ಅನಾಮತ್ತು ಖಾತೆ. ಬರೆಯುವುದು ತಪ್ಪಲ್ಲ. ಬರೆದು ಮರೆಯುವುದು ತಪ್ಪು. ಹಾಗೆಯೇ ಹಿಂದಿನ ಕಾಗದದಲ್ಲಿ ಯಾರೋ ಬರೆದ ಹೆಸರನ್ನು ಪರೀಕ್ಷಿಸದೆ ಮುಂದಕ್ಕೆ ಒಯ್ಯುವುದೂ ತಪ್ಪು.

ಪರೀಕ್ಷೆಯ ಚೀಟಿಯ ವಿಷಯವನ್ನೂ ಹೇಳಬೇಕು. ಪರೀಕ್ಷೆಯು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ವಿಷಮಶೀತಜ್ವರಕ್ಕೆ ಮಾಡುವ ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಆ ಜ್ವರ ಸದಾ ಇರುವ ನಮ್ಮಂಥ ದೇಶದಲ್ಲಿ, ಹಿಂದೆಂದೋ ಬಂದುಹೋದ ಸೋಂಕಿನಿಂದಲೂ ಅದು ‘ಇದೆ’ ಎಂದು ತೋರಿಸಬಲ್ಲದು. ಒಂದೇ ಚೀಟಿಯನ್ನು ನಂಬಿ ಔಷಧಿ ನಡೆಸಿದರೆ ನಿಜವಾದ ರೋಗ ಒಳಗೇ ಬೆಳೆಯುತ್ತದೆ. ಡೆಂಗ್ಯೂವಿನಲ್ಲಿ ಮೊದಲ ದಿನಗಳಿಗೆ ತಕ್ಕ ಪರೀಕ್ಷೆ ಬೇರೆ, ಐದಾರು ದಿನದ ಮೇಲಿನದು ಬೇರೆ. ಆದ್ದರಿಂದ ಚೀಟಿ ಬರೆಯುವ ಮುಂಚೆ ವಿದ್ಯಾರ್ಥಿಯು, ‘ಇದೆ ಎಂದು ಬಂದರೆ ಏನು ಮಾಡುವೆ, ಇಲ್ಲ ಎಂದು ಬಂದರೆ ಏನು ಮಾಡುವೆ’ ಎಂದು ತನ್ನನ್ನು ತಾನು ಕೇಳಿಕೊಳ್ಳಲಿ. ಎರಡಕ್ಕೂ ಉತ್ತರ ಒಂದೇ ಆದರೆ ಬಡವನ ದುಡ್ಡು ಉಳಿಸಬಹುದು.

ದಾದಿಯರ ಶಿಕ್ಷಣ ಪಡೆಯುತ್ತಿರುವ ಸಹೋದರಿಯರು ಇದೆಲ್ಲ ವೈದ್ಯರ ಪಾಲಿನದೆಂದು ತಿಳಿಯಬಾರದು. ವೈದ್ಯರು ಹಾಸಿಗೆಯ ಬಳಿ ಐದು ನಿಮಿಷ ಇರುತ್ತಾರೆ, ನೀವು ಇಡೀ ಪಾಳಿ ಇರುತ್ತೀರಿ. ರೋಗಿ ಇಳಿಯುತ್ತಿದ್ದಾನೆ ಎಂಬುದು ಮೊದಲು ಕಾಣಬೇಕಾದವರು ನೀವು. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20. ಇದನ್ನು ಎಣಿಸಲು ಯಂತ್ರ ಬೇಡ, ಒಂದು ಗಡಿಯಾರ ಸಾಕು. ಆದರೂ ಎಷ್ಟೋ ಹಾಳೆಗಳಲ್ಲಿ ಮೇಲಿನಿಂದ ಕೆಳಗಿನವರೆಗೆ 20, 20, 20 ಎಂದೇ ಬರೆದಿರುತ್ತದೆ. ಎಲ್ಲಾ ಸಾಲಿನಲ್ಲೂ ಒಂದೇ ಅಂಕೆ ಕಂಡರೆ ಯಾವ ಗುಮಾಸ್ತನಿಗೂ ಸಂಶಯ ಬರುತ್ತದೆ. ಬೆಳಿಗ್ಗೆ 18, ಮಧ್ಯಾಹ್ನ 22, ಸಂಜೆ 28 ಎಂದು ನಿಜವಾಗಿ ಎಣಿಸಿ ಬರೆದರೆ ಆ ಏರಿಕೆಯೇ ಕೂಗಿ ಹೇಳುತ್ತದೆ. ಅಂಕೆಯನ್ನು ಬರೆದು ಸುಮ್ಮನಾಗದೆ, ‘ಏಕೆ ಏರುತ್ತಿದೆ?’ ಎಂದು ಕೇಳಿ ಮೇಲಿನವರಿಗೆ ತಿಳಿಸುವುದು ದಾದಿಯ ವಿಚಾರಶಕ್ತಿ. ಅದರಿಂದ ಜೀವ ಉಳಿಯುತ್ತದೆ.

ಇದನ್ನೆಲ್ಲ ಅಭ್ಯಾಸ ಮಾಡುವುದು ಹೇಗೆ? ವಿಲಿಯಂ ಆಸ್ಲರ್ ಎಂಬ ಮಹಾವೈದ್ಯರು 1890ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳನ್ನು ಭಾಷಣದ ಕೋಣೆಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆತಂದರು. ಒಬ್ಬೊಬ್ಬ ವಿದ್ಯಾರ್ಥಿಗೆ ಕೆಲವು ಹಾಸಿಗೆಗಳನ್ನು ಒಪ್ಪಿಸಿ, ಆ ರೋಗಿಗಳ ವೃತ್ತಾಂತ ಬರೆಯುವ ಕೆಲಸವನ್ನು ಅವನಿಗೇ ಕೊಟ್ಟರು. ಆ ವಿದ್ಯಾರ್ಥಿಗೆ ಇಟ್ಟ ಹೆಸರೇನು ಗೊತ್ತೇ? ಕ್ಲಾರ್ಕು! ವೈದ್ಯರಾಗುವವರೂ ಮೊದಲು ನಮ್ಮ ಜಾತಿಗೇ ಸೇರಬೇಕಾಯಿತೆಂದು ನಾವು ಸ್ವಲ್ಪ ಹೆಮ್ಮೆ ಪಟ್ಟುಕೊಳ್ಳಬಹುದು. 1968ರಲ್ಲಿ ಲಾರೆನ್ಸ್ ವೀಡ್ ಎಂಬ ಇನ್ನೊಬ್ಬ ಅಮೆರಿಕದ ವೈದ್ಯರು ಬರೆಯುವ ಕ್ರಮವನ್ನೇ ಸುಧಾರಿಸಿದರು. ಅವರ ಪದ್ಧತಿಯಿಂದ ಬಂದ ನಾಲ್ಕು ಕಲಮುಗಳು ಇಂದಿಗೂ ಬಳಕೆಯಲ್ಲಿವೆ: ರೋಗಿ ಹೇಳಿದ್ದು, ನಾವು ಕಂಡದ್ದು, ನಮ್ಮ ಅಂದಾಜು, ಮುಂದಿನ ಕ್ರಮ. ನಮ್ಮ ದೇಶದಲ್ಲೂ 2019ರಿಂದ ಎಂ.ಬಿ.ಬಿ.ಎಸ್. ಪಾಠಕ್ರಮದಲ್ಲಿ ಮೊದಲ ವರ್ಷದಿಂದಲೇ ರೋಗಿಗಳ ಬಳಿಗೆ ಹೋಗುವ ಏರ್ಪಾಡಾಗಿದೆ.

ಆದರೆ ಹೋದರೆ ಸಾಲದು. ನಾನು ಕಂಡ ಒಳ್ಳೆಯ ವಿದ್ಯಾರ್ಥಿಗಳು ಮೂರು ಕೆಲಸ ಮಾಡುತ್ತಾರೆ. ಪರೀಕ್ಷೆಯ ಚೀಟಿಯನ್ನಾಗಲಿ ಹಿರಿಯರ ಬರಹವನ್ನಾಗಲಿ ನೋಡುವ ಮುಂಚೆ ತಮ್ಮ ಅಂದಾಜನ್ನು ಕಾರಣಸಹಿತ ಬರೆದಿಡುತ್ತಾರೆ. ಹಿರಿಯರು ಬೇರೆ ಹೇಳಿದರೆ, “ಯಾವ ಸಂಗತಿಯಿಂದ ನಿಮಗೆ ಹೀಗೆ ಅನ್ನಿಸಿತು?” ಎಂದು ವಿನಯದಿಂದ ಕೇಳುತ್ತಾರೆ. ವಾರದ ಮೇಲೆ ಮತ್ತೆ ಹೋಗಿ ಆ ರೋಗಿಗೆ ಏನಾಯಿತೆಂದು ವಿಚಾರಿಸಿ, ತಮ್ಮ ಅಂದಾಜಿನ ಪಕ್ಕದಲ್ಲಿ ಬರೆಯುತ್ತಾರೆ. ಈ ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಫಲವೇನೆಂದು ತಿಳಿಯದವನು ನೂರು ರೋಗಿಗಳನ್ನು ನೋಡಿದರೂ ಒಬ್ಬನನ್ನು ನೋಡಿದಷ್ಟೇ ಕಲಿತಿರುತ್ತಾನೆ.

ಇನ್ನು ನಾವು, ರೋಗಿಗಳಾಗಿ ಹೋಗುವವರು, ಇವರಿಗೆ ಏನು ಸಹಾಯ ಮಾಡಬಹುದು? ತೊಂದರೆ ಯಾವಾಗ ಮೊದಲಾಯಿತು, ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂಬುದನ್ನು ಮನೆಯಲ್ಲೇ ನೆನಪು ಮಾಡಿಕೊಂಡು ಹೋಗೋಣ. ಗಿರಣಿ ಎಂದಷ್ಟೇ ಹೇಳದೆ ಯಾವ ಖಾತೆ, ಯಾವ ಪಾಳಿ ಎಂಬುದನ್ನು ಹೇಳೋಣ. ಊರಿಗೆ ಹೋಗಿದ್ದು, ನಾಟಿ ಔಷಧಿ ತಿಂದದ್ದು, ಬೀಡಿ ತಂಬಾಕು ಇವನ್ನು ನಾಚಿಕೆಯಿಂದ ಮುಚ್ಚದಿರೋಣ. ಹಳೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಯ್ಯೋಣ. ಜೊತೆಗೆ ಹೋಗಿ ಮಾತು ತಿಳಿಸುವವರಿಗೆ ಒಂದು ಎಚ್ಚರಿಕೆ: ರೋಗಿ ‘ಎದೆ ಬಿಗಿಯುತ್ತದೆ’ ಎಂದರೆ ಬಿಗಿಯುತ್ತದೆ ಎಂದೇ ಹೇಳಬೇಕು. ಎದೆ ನೋವು ಎಂದು ಬಿಟ್ಟರೆ ವಿಚಾರವು ಶ್ವಾಸಕೋಶ ಬಿಟ್ಟು ಹೃದಯದ ದಾರಿ ಹಿಡಿಯುತ್ತದೆ. ಎದೆ ಉರಿ ಎಂದರೆ ಹೊಟ್ಟೆಯ ದಾರಿ.

ಮತ್ತೆ, ವಿದ್ಯಾರ್ಥಿಯೊಬ್ಬ ಬಂದು ಅದನ್ನೇ ಇನ್ನೊಮ್ಮೆ ಕೇಳಿದರೆ, “ದೊಡ್ಡ ಡಾಕ್ಟರಿಗೆ ಹೇಳಿದ್ದೇನೆ, ನೀನು ಯಾರು?” ಎಂದು ಮುಖ ತಿರುಗಿಸುವುದು ಬೇಡ. ಅವನು ಕಲಿಯಬೇಕಾದ ಪುಸ್ತಕ ನಾವೇ. ಇಂದು ನಾವು ತಾಳ್ಮೆಯಿಂದ ಉತ್ತರ ಕೊಟ್ಟರೆ, ನಾಳೆ ಇನ್ನಾವುದೋ ಊರಿನಲ್ಲಿ ಭಾಷೆ ಬಾರದ ಒಬ್ಬ ಕೂಲಿಯ ಮುಂದೆ ಕುಳಿತಾಗ ಅವನಿಗೆ ಸರಿಯಾದ ಪ್ರಶ್ನೆ ನೆನಪಾದೀತು.

ಕೊನೆಯದಾಗಿ ಒಂದು ಸೂಚನೆ. ವಾಚನಾಲಯದ ಮೇಜಿನ ಮೇಲೆ ಒಂದು ದಪ್ಪ ವಹಿಯನ್ನು ಇರಿಸುತ್ತಿದ್ದೇವೆ. ವಿದ್ಯಾರ್ಥಿಗಳು ವಾರಕ್ಕೊಂದು ಸಂಗತಿಯನ್ನು, ರೋಗಿಯ ಹೆಸರು ಗುರುತುಗಳನ್ನು ಬಿಟ್ಟು, ಆ ನಾಲ್ಕು ಕಲಮುಗಳಲ್ಲಿ ಕನ್ನಡದಲ್ಲಿ ಬರೆಯಲಿ. ತಮ್ಮ ತಾಯಿಗೆ ಅರ್ಥವಾಗುವಂತೆ ಬರೆಯಲು ಬಂದರೆ ವಿಷಯ ತಮಗೂ ಅರ್ಥವಾಗಿದೆಯೆಂದು ತಿಳಿಯಬಹುದು. ತಿಂಗಳಿಗೊಮ್ಮೆ ಹಿರಿಯ ವೈದ್ಯರೊಬ್ಬರನ್ನು ಕರೆಸಿ ಅದನ್ನು ತಿದ್ದಿಸುವ ಹೊಣೆ ನಮ್ಮ ಸಮಿತಿಯದು.